ಸಿ = 1 ಅಂದರೆ ಮೀಟರ್ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಎಂಎಸ್ಸಿ ಮೊದಲ ವರ್ಷದಲ್ಲಿದ್ದೇನೆ. ಕಣ ಭೌತಶಾಸ್ತ್ರದ ಮೊದಲ ಕ್ಲಾಸಿನಲ್ಲೇ ಮೇಡಂ ಬೋರ್ಡಿನ ಮೇಲೆ ‘ಸಿ = 1, ಹೆಚ್‌ಬಾರ್ = 1’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟರು. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಇದ್ದದ್ದು ಬರೀ 1 ಹೇಗಾಗುತ್ತೆ? ಮೀಟರ್, ಸೆಕೆಂಡ್ ಎಲ್ಲಿ ಹೋದವು? ಇಷ್ಟು ಸುಲಭ ಇದ್ದರೆ ಎಲ್ಲರೂ ಇದನ್ನೇ ಯಾಕೆ ಬಳಸಲ್ಲ? ಎಸ್‌ಐ ಪದ್ಧತಿಯಲ್ಲಿ 299792458 ಥರದ ವಿಚಿತ್ರ ಸಂಖ್ಯೆ ಯಾಕೆ? ಪರೀಕ್ಷೆಯಲ್ಲಿ ಉತ್ತರಕ್ಕೆ ಯೂನಿಟ್ ವಾಪಸ್ ಹಾಕೋದು ಹೇಗೆ?

ಉತ್ತರ:

ಮೀಟರ್ ಎಲ್ಲೂ ಹೋಗಿಲ್ಲ, ಗಾಬರಿ ಬೇಡ. ದೂರವನ್ನೂ ಕಾಲವನ್ನೂ ಒಂದೇ ಯೂನಿಟ್ಟಿನಲ್ಲಿ ಅಳೆಯೋಣ ಅಂತ ನಿಮ್ಮ ಮೇಡಂ ಒಂದು ಒಪ್ಪಂದ ಮಾಡಿಕೊಂಡರು, ಅಷ್ಟೇ. ಬೆಳಕು ಒಂದು ಸೆಕೆಂಡಿನಲ್ಲಿ ಹೋಗುವ ದೂರವನ್ನೇ ‘ಒಂದು ಸೆಕೆಂಡ್ ದೂರ’ ಅಂತ ಕರೆದರೆ ಬೆಳಕಿನ ವೇಗ, ಅಂದರೆ ‘ಸಿ’, ತಾನಾಗೇ 1 ಆಗುತ್ತದೆ. ಇದೇನೂ ವಿಚಿತ್ರ ಲೆಕ್ಕ ಅಲ್ಲ. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಅಡಿ ಹೋಗುತ್ತದೆ. ಹಾಗಾಗಿ ಬೆಂಗಳೂರಿನ 30-40 ಸೈಟು 30.5 ನ್ಯಾನೋಸೆಕೆಂಡ್ ಅಗಲ, 40.7 ನ್ಯಾನೋಸೆಕೆಂಡ್ ಉದ್ದ ಇರುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇದು ನಡೆಯಲ್ಲ, ಆದರೆ ಭೌತಶಾಸ್ತ್ರದಲ್ಲಿ ನಡೆಯುತ್ತದೆ.

ಹಾಗಾದರೆ ಆ ಮೂರು ಲಕ್ಷ ಕಿಲೋಮೀಟರ್ ಅನ್ನೋ ಸಂಖ್ಯೆ ಏನು? ವಿಮಾನ ಇಳಿಸುವ ಪೈಲಟ್‌ಗಳ ಲೆಕ್ಕ ನೋಡಿ. ಎತ್ತರವನ್ನು ಅವರು ಅಡಿಯಲ್ಲಿ ಹೇಳುತ್ತಾರೆ, ರನ್‌ವೇಗೆ ಇರುವ ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಎರಡೂ ಉದ್ದವೇ ಅಲ್ವಾ? ಆದರೂ ಬೇರೆ ಬೇರೆ ಯೂನಿಟ್ಟು. ಸಾಮಾನ್ಯವಾಗಿ ವಿಮಾನ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ಅವರ ಲೆಕ್ಕದಲ್ಲಿ ಅದು ಮೈಲಿಗೆ ಸುಮಾರು 318 ಅಡಿ. ಎರಡನ್ನೂ ಅಡಿಯಲ್ಲೇ ಅಳೆದರೆ ಅದೇ ಇಳಿಜಾರು 0.052, ಯೂನಿಟ್ಟೇ ಇಲ್ಲದ ಬರೀ ಸಂಖ್ಯೆ. ನಡುವೆ ನಿಂತಿರುವುದು 6076, ಅಂದರೆ ಒಂದು ನಾಟಿಕಲ್ ಮೈಲಿಯಲ್ಲಿರುವ ಅಡಿಗಳು. 6076 ಅನ್ನೋದು ಪ್ರಕೃತಿಯ ಗುಟ್ಟಲ್ಲ, ನಾವು ಒಂದೇ ವಸ್ತುವಿಗೆ ಎರಡು ಅಳತೆ ಇಟ್ಟುಕೊಂಡಿದ್ದಕ್ಕೆ ಕಟ್ಟುತ್ತಿರುವ ದಂಡ. 299792458 ಕೂಡ ಅದೇ ಜಾತಿಯದು. ಒಂದು ವ್ಯತ್ಯಾಸ ಇದೆ: ಎತ್ತರವೂ ದೂರವೂ ಒಂದೇ ಜಾತಿ ಅಂತ ಎಲ್ಲರಿಗೂ ಹುಟ್ಟಿನಿಂದ ಗೊತ್ತು, ಆದರೆ ಕಾಲವೂ ದೂರವೂ ಒಂದಕ್ಕೊಂದು ಬೆರೆಯುತ್ತವೆ ಅಂತ ತಿಳಿಯುವುದಕ್ಕೆ 1905ರಲ್ಲಿ ಐನ್‌ಸ್ಟೈನ್, 1908ರಲ್ಲಿ ಮಿಂಕೋವ್‌ಸ್ಕಿ ಬೇಕಾಯಿತು. ಸಿ = 1 ಅಂತ ಬರೆಯೋ ಧೈರ್ಯ ಬಂದಿದ್ದು ಅಲ್ಲಿಂದ.

ಪೈಲಟ್‌ಗಳು ಯಾಕೆ ಒಂದೇ ಯೂನಿಟ್ಟಿಗೆ ಬರುತ್ತಿಲ್ಲ ಅನ್ನೋದೂ ಮುಖ್ಯ. ವಿಮಾನ ಸಾವಿರ ಅಡಿ ಮೇಲೆ ಹೋಗುವುದೂ ಸಾವಿರ ಅಡಿ ಮುಂದೆ ಹೋಗುವುದೂ ಒಂದೇ ಕೆಲಸ ಅಲ್ಲ. ಎತ್ತರದಲ್ಲಿ ಎರಡು ವಿಮಾನಗಳ ನಡುವೆ ಸಾವಿರ ಅಡಿ ಬಿಟ್ಟರೆ ಸಾಕಾಗುತ್ತದೆ, ಅಕ್ಕಪಕ್ಕ ಮೈಲಿಗಟ್ಟಲೆ ಬೇಕು. ನಮ್ಮ ಜೀವನದಲ್ಲಿ ಕಾಲ ಮತ್ತು ದೂರದ ಕಥೆಯೂ ಹೀಗೇ. ಗಂಟೆಗೆ 60 ಕಿಲೋಮೀಟರ್ ಹೋಗುವ ಬಸ್ಸಿನ ವೇಗ ಸಿ = 1 ಲೆಕ್ಕದಲ್ಲಿ 0.000000056. ಇಂಥ ಬೋರ್ಡು ನೋಡಿದ ಡ್ರೈವರ್ ಬ್ರೇಕ್ ಹಾಕುವ ಬದಲು ಬಸ್ಸು ನಿಲ್ಲಿಸಿ ಇಳಿದು ಹೋಗುತ್ತಾನೆ.

ಈಗ ಹೆಚ್‌ಬಾರ್. ಶಕ್ತಿಗೂ ಆವರ್ತನಕ್ಕೂ ನಂಟು ಹಾಕುವ ಪ್ಲಾಂಕ್ ಸ್ಥಿರಾಂಕವನ್ನು 2πನಿಂದ ಭಾಗಿಸಿದ ಸಂಖ್ಯೆ ಅದು. ಅದನ್ನೂ 1 ಮಾಡಿದರೆ ಶಕ್ತಿ ಅಂದರೆ ಆವರ್ತನ, ಅಂದರೆ ಒಂದು ಭಾಗಿಸು ಕಾಲ. ಸಿ = 1 ಈಗಾಗಲೇ ದ್ರವ್ಯರಾಶಿಯನ್ನೂ ಶಕ್ತಿಯನ್ನೂ ಒಂದು ಮಾಡಿದೆ, ಉದ್ದವನ್ನೂ ಕಾಲವನ್ನೂ ಒಂದು ಮಾಡಿದೆ. ಈಗ ಉಳಿಯುವುದು ಒಂದೇ ಯೂನಿಟ್ಟು. ಕಣ ಭೌತಶಾಸ್ತ್ರದವರು ಅದಕ್ಕೆ ಎಲೆಕ್ಟ್ರಾನ್‌ವೋಲ್ಟ್ ಇಟ್ಟುಕೊಂಡಿದ್ದಾರೆ. ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನಿಗೆ ಸಿಗುವ ಶಕ್ತಿ ಅದು, ಹತ್ತು ಲಕ್ಷ ಸೇರಿದರೆ ಒಂದು ಎಂಇವಿ. ಪ್ರೋಟಾನಿನ ದ್ರವ್ಯರಾಶಿ 938 ಎಂಇವಿ ಅಂತಾರೆ, ಉದ್ದವನ್ನು ‘ಒಂದು ಭಾಗಿಸು ಎಂಇವಿ’ಯಲ್ಲಿ ಹೇಳುತ್ತಾರೆ. ಕೇಳೋಕೆ ತಮಾಷೆ, ಬಳಸೋಕೆ ಆರಾಮ.

ಎಷ್ಟು ಆರಾಮ ಅಂತ ಒಂದು ಲೆಕ್ಕದಲ್ಲೇ ತೋರಿಸುತ್ತೇನೆ. ನ್ಯೂಕ್ಲಿಯಸ್ಸಿನೊಳಗಿನ ಬಲ ಎಷ್ಟು ದೂರ ತಲುಪುತ್ತದೆ? 1935ರಲ್ಲಿ ಜಪಾನಿನ ಭೌತವಿಜ್ಞಾನಿ ಯುಕಾವಾ ಹೇಳಿದ್ದು ಇಷ್ಟು: ಆ ಬಲವನ್ನು ಹೊತ್ತು ತಿರುಗುವ ಕಣದ ದ್ರವ್ಯರಾಶಿ ಎಂ ಆದರೆ ಬಲದ ವ್ಯಾಪ್ತಿ 1/ಎಂ. ಮುಗಿಯಿತು, ಸೂತ್ರ ಅಷ್ಟೇ. ಆ ಕಣಕ್ಕೆ ಈಗ ಪಯಾನ್ ಅಂತ ಹೆಸರು, ದ್ರವ್ಯರಾಶಿ 139.6 ಎಂಇವಿ. ಹಾಗಾದರೆ ವ್ಯಾಪ್ತಿ 1/139.6, ಯೂನಿಟ್ಟು ಒಂದು ಭಾಗಿಸು ಎಂಇವಿ. ಇದನ್ನು ಮೀಟರಿಗೆ ತರಲು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ ಸಂಖ್ಯೆ: ಹೆಚ್‌ಬಾರ್ ಗುಣಿಸು ಸಿ ಅಂದರೆ 197.3 ಎಂಇವಿ-ಫರ್ಮಿ. ಒಂದು ಫರ್ಮಿ 10⁻¹⁵ ಮೀಟರ್. 197.3 ಅನ್ನು 139.6ರಿಂದ ಭಾಗಿಸಿ, 1.41 ಫರ್ಮಿ ಬಂತು. ಪ್ರೋಟಾನಿನ ತ್ರಿಜ್ಯ ಸುಮಾರು 0.84 ಫರ್ಮಿ, ಹಾಗಾಗಿ ಪಕ್ಕದ ಪ್ರೋಟಾನಿಗೆ ಈ ಬಲ ತಟ್ಟುತ್ತದೆ, ನಾಲ್ಕು ಮನೆ ಆಚೆಗಿನದಕ್ಕೆ ತಟ್ಟಲ್ಲ. ಯುಕಾವಾ ಈ ಲೆಕ್ಕವನ್ನು ತಿರುಗಾಮುರುಗಾ ಮಾಡಿದ್ದರು: ವ್ಯಾಪ್ತಿ ಗೊತ್ತಿತ್ತು, ಅದರಿಂದ ಯಾರೂ ನೋಡದ ಕಣದ ದ್ರವ್ಯರಾಶಿಯನ್ನು ಅಂದಾಜು ಮಾಡಿದರು. 1947ರಲ್ಲಿ ಬ್ರಿಸ್ಟಲ್‌ನಲ್ಲಿ ಪೊವೆಲ್ ಗುಂಪಿಗೆ ಪಯಾನ್ ಸಿಕ್ಕಿತು.

ಇದೇ ಲೆಕ್ಕವನ್ನು ಎಸ್‌ಐನಲ್ಲಿ ಮಾಡಿ ನೋಡಿ. ಹೆಚ್‌ಬಾರ್, ಅಂದರೆ 1.0546 × 10⁻³⁴ ಅನ್ನು, ಪಯಾನ್ ದ್ರವ್ಯರಾಶಿ 2.488 × 10⁻²⁸ ಕೆಜಿ ಮತ್ತು ಬೆಳಕಿನ ವೇಗ 2.998 × 10⁸ರ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ ಅದೇ ಬರುತ್ತದೆ. ಆದರೆ ಹತ್ತರ ಘಾತ ಎಣಿಸುವುದರಲ್ಲೇ ಕಣ್ಣು ಸೋತು, ‘ಹಗುರ ಕಣ ಅಂದರೆ ದೂರದ ಬಲ’ ಅನ್ನೋ ವಿಷಯ ತಲೆಗೇ ಹತ್ತಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಜಾಸ್ತಿ ಇದೆ. ಇಂಥ ಯೂನಿಟ್ಟುಗಳು ಒಂದೇ ಒಂದು ಸೆಟ್ ಇದೆ, ಪ್ರಕೃತಿಯೇ ಅದನ್ನು ಕೊಟ್ಟಿದೆ, ಉಳಿದದ್ದೆಲ್ಲ ಮನುಷ್ಯರ ಗೋಜಲು ಅಂತ. ಹಾಗೇನಿಲ್ಲ. 1870ರಲ್ಲಿ ಮ್ಯಾಕ್ಸ್‌ವೆಲ್ ಲಿವರ್‌ಪೂಲ್‌ನ ಸಭೆಯೊಂದರಲ್ಲಿ, ಶಾಶ್ವತವಾದ ಅಳತೆ ಬೇಕಿದ್ದರೆ ಭೂಮಿಯ ಗಾತ್ರವನ್ನು ನಂಬಬೇಡಿ, ಅಣುಗಳಲ್ಲಿ ಹುಡುಕಿ ಅಂದಿದ್ದರು. ನಾಲ್ಕು ವರ್ಷದ ನಂತರ ಐರ್ಲೆಂಡಿನ ಸ್ಟೋನಿ, ಮುಂದೆ ‘ಎಲೆಕ್ಟ್ರಾನ್’ ಅಂತ ಹೆಸರಿಟ್ಟವರು ಇವರೇ, ಬೆಳಕಿನ ವೇಗ, ಗುರುತ್ವ ಸ್ಥಿರಾಂಕ, ವಿದ್ಯುದಂಶದ ಚಿಕ್ಕ ತುಣುಕು ಈ ಮೂರನ್ನೂ 1 ಮಾಡಿ ಒಂದು ಪದ್ಧತಿ ಕಟ್ಟಿದರು. ಆಗ ಪ್ಲಾಂಕ್ ಸ್ಥಿರಾಂಕ ಅನ್ನೋದೇ ಇರಲಿಲ್ಲ. 1899ರಲ್ಲಿ ಪ್ಲಾಂಕ್ ವಿದ್ಯುದಂಶವನ್ನು ಬಿಟ್ಟು ತಮ್ಮ ಹೊಸ ಸ್ಥಿರಾಂಕವನ್ನು ಹಾಕಿಕೊಂಡರು. ಕ್ವಾಂಟಮ್ ಸಿದ್ಧಾಂತ ಹುಟ್ಟುವುದಕ್ಕೆ ಇನ್ನೂ ಒಂದು ವರ್ಷ ಇತ್ತು, ಆದರೆ ಸ್ಥಿರಾಂಕ ಮಾತ್ರ ಅವರ ಕೈಗೆ ಸಿಕ್ಕಿತ್ತು! ಈ ಯೂನಿಟ್ಟುಗಳು ಎಲ್ಲ ಕಾಲಕ್ಕೂ, ಎಲ್ಲ ನಾಗರಿಕತೆಗೂ, ಭೂಮಿಯಾಚೆಗಿನವರಿಗೂ ಸಲ್ಲುತ್ತವೆ ಅಂತಲೂ ಅವರು ಬರೆದರು. ಪ್ಲಾಂಕ್ ಉದ್ದ 1.6 × 10⁻³⁵ ಮೀಟರ್, ಪ್ಲಾಂಕ್ ಕಾಲ 5.4 × 10⁻⁴⁴ ಸೆಕೆಂಡ್. ಪ್ಲಾಂಕ್ ದ್ರವ್ಯರಾಶಿ ಮಾತ್ರ ಸುಮಾರು 22 ಮೈಕ್ರೋಗ್ರಾಂ, ಕಣ್ಣಿಗೆ ಕಾಣುವ ಒಂದು ಧೂಳಿನ ಕಣದ ಲೆಕ್ಕ. ಈ ಒಂದು ಮಾತ್ರ ಯಾಕಿಷ್ಟು ‘ದಪ್ಪ’ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

1928ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಹಾರ್ಟ್ರೀ ಇನ್ನೊಂದು ಸೆಟ್ ಮಾಡಿದರು. ಅವರಿಗೆ ಬೇಕಿದ್ದದ್ದು ಪರಮಾಣುವಿನ ಲೆಕ್ಕ. ಅದನ್ನು ಕೈಯಲ್ಲೇ ಮಾಡಬೇಕಿತ್ತು, ಮುಂದೆ ಅಪ್ಪನೂ ಜೊತೆಗೆ ಕೂತು ಲೆಕ್ಕ ಹಾಕುತ್ತಿದ್ದರು. ಪ್ರತಿ ಸಾಲಿನಲ್ಲೂ ಹತ್ತರ ಘಾತ ಮೈನಸ್ ಮೂವತ್ತು ಅಂತ ಬರೆಯುತ್ತಾ ಕೂತರೆ ಆದ ಹಾಗೇ. ಎಲೆಕ್ಟ್ರಾನಿನ ದ್ರವ್ಯರಾಶಿ, ಅದರ ವಿದ್ಯುದಂಶ, ಹೆಚ್‌ಬಾರ್ ಮೂರೂ 1. ಉದ್ದದ ಯೂನಿಟ್ಟು 0.529 ಆಂಗ್‌ಸ್ಟ್ರಾಮ್, ಅಂದರೆ ಹೈಡ್ರೋಜನ್ ಪರಮಾಣುವಿನ ಬೋರ್ ತ್ರಿಜ್ಯ. ಶಕ್ತಿಯ ಯೂನಿಟ್ಟು 27.2 ಎಲೆಕ್ಟ್ರಾನ್‌ವೋಲ್ಟ್. ಹೈಡ್ರೋಜನ್ನಿನ ಕೆಳಗಿನ ಮಟ್ಟದ ಶಕ್ತಿ ಮೈನಸ್ ಅರ್ಧ, ಅಷ್ಟೇ. ಇವತ್ತಿಗೂ ಕ್ವಾಂಟಮ್ ಕೆಮಿಸ್ಟ್ರಿ ಪ್ರೋಗ್ರಾಮುಗಳು ಉತ್ತರ ಕೊಡುವುದು ‘ಹಾರ್ಟ್ರೀ’ಯಲ್ಲೇ. ಇನ್ನೊಂದು ಅನುಕೂಲವೂ ಇದೆ: ನಾಳೆ ಯಾರೋ ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ಇನ್ನೂ ನಿಖರವಾಗಿ ಅಳೆದರೂ ನಿಮ್ಮ ಲೆಕ್ಕ ಹಳೆಯದಾಗುವುದಿಲ್ಲ, ಕೊನೆಯಲ್ಲಿ ಗುಣಿಸುವ ಸಂಖ್ಯೆ ಮಾತ್ರ ಬದಲಾಗುತ್ತದೆ.

ಆದರೆ ಹಾರ್ಟ್ರೀ ಲೆಕ್ಕದಲ್ಲಿ ಬೆಳಕಿನ ವೇಗ 1 ಅಲ್ಲ, 137.036. ಸ್ಟೋನಿ ಲೆಕ್ಕದಲ್ಲಿ ಸಿ ಮತ್ತು ವಿದ್ಯುದಂಶ 1, ಹಾಗಾಗಿ ಹೆಚ್‌ಬಾರ್ 137.036. ಪ್ಲಾಂಕ್ ಲೆಕ್ಕದಲ್ಲಿ ಸಿ, ಹೆಚ್‌ಬಾರ್ ಎರಡೂ 1, ಆಗ ವಿದ್ಯುದಂಶ 0.085, ಅಂದರೆ 137ರ ವರ್ಗಮೂಲದಿಂದ 1ನ್ನು ಭಾಗಿಸಿದ್ದು. ಒಂದು ಕಡೆಯಿಂದ ಓಡಿಸಿದರೆ ಇನ್ನೊಂದು ಕಡೆ ಬಂದು ಕೂರುತ್ತದೆ. ಯಾಕಂದರೆ ಈ 137ಕ್ಕೆ ಯೂನಿಟ್ಟೇ ಇಲ್ಲ. ಮೀಟರ್ ಉದ್ದ ಮಾಡಿದರೂ ಅಷ್ಟೇ, ಕೆಜಿ ಕಡಿಮೆ ಮಾಡಿದರೂ ಅಷ್ಟೇ. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ ಅನ್ನೋದೂ ಇದೇ ಥರ. ನಿಜವಾಗಿ ‘ಇದು ಯಾಕೆ ಇಷ್ಟೇ ಇದೆ’ ಅಂತ ಕೇಳಬೇಕಾದ ಸಂಖ್ಯೆಗಳು ಇವು. ಬೆಳಕಿನ ವೇಗ ಯಾಕೆ 299792458 ಅಂತ ಕೇಳಿದರೆ, ಮೀಟರನ್ನು ನಾವು ಹಾಗೆ ಇಟ್ಟುಕೊಂಡಿದ್ದೇವೆ ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ: ಎಲ್ಲರೂ ಪ್ಲಾಂಕ್ ಯೂನಿಟ್ಟುಗಳನ್ನೇ ಯಾಕೆ ಬಳಸಬಾರದು? ಸಂಖ್ಯೆ ತೀರ ಚಿಕ್ಕದು ಅನ್ನೋದು ಕಾರಣವೇ ಅಲ್ಲ, 10ರ ಮೇಲೆ ಒಂದು ಘಾತ ಹಾಕಿ ಹೊಸ ಹೆಸರು ಕೊಟ್ಟರೆ ಆಯಿತು. ತೊಂದರೆ ಇರುವುದು ಗುರುತ್ವ ಸ್ಥಿರಾಂಕ ‘ಜಿ’ಯಲ್ಲಿ. 1798ರಲ್ಲಿ ಕ್ಯಾವೆಂಡಿಶ್ ಒಂದು ತಂತಿಗೆ ಸೀಸದ ಗುಂಡುಗಳನ್ನು ನೇತುಹಾಕಿ ಗುರುತ್ವವನ್ನು ಅಳೆದಾಗಿನಿಂದ ಇವತ್ತಿನವರೆಗೆ ಜನ ಅದನ್ನು ಅಳೆಯುತ್ತಲೇ ಇದ್ದಾರೆ, ಆದರೂ ಅದರ ಬೆಲೆ ಗೊತ್ತಿರುವುದು ಲಕ್ಷಕ್ಕೆ ಎರಡು ಪಾಲಿನ ಅನುಮಾನದೊಂದಿಗೆ. ಬೇರೆ ಬೇರೆ ಲ್ಯಾಬುಗಳ ಉತ್ತರಗಳು ಒಂದಕ್ಕೊಂದು ಹೊಂದುವುದೂ ಇಲ್ಲ. ಗುರುತ್ವ ಅಷ್ಟು ದುರ್ಬಲ ಬಲ, ಪಕ್ಕದ ಗೋಡೆ, ಓಡಾಡುವ ಜನ ಎಲ್ಲ ಲೆಕ್ಕಕ್ಕೆ ಬರುತ್ತಾರೆ, ಅದನ್ನು ತಡೆಯೋ ಪರದೆಯೂ ಇಲ್ಲ.

ಪ್ಲಾಂಕ್ ಕಾಲದ ಆಧಾರದ ಮೇಲೆ ಸೆಕೆಂಡನ್ನು ವ್ಯಾಖ್ಯಾನಿಸಿದ್ದೀರಿ ಅಂದುಕೊಳ್ಳಿ. ಜಿಯ ಅನುಮಾನದಲ್ಲಿ ಅರ್ಧ ಪಾಲು ಪ್ಲಾಂಕ್ ಕಾಲಕ್ಕೆ ಬರುತ್ತದೆ, ಲಕ್ಷಕ್ಕೆ ಸುಮಾರು 1.1. ದಿನಕ್ಕೆ 86400 ಸೆಕೆಂಡ್. ಹಾಗಾಗಿ ದಿನಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡಿನಷ್ಟು ಅನುಮಾನ ಇರುವ ಗಡಿಯಾರ ನಿಮ್ಮದು. ಗೋಡೆ ಗಡಿಯಾರಕ್ಕೆ ಪರವಾಗಿಲ್ಲ. ಆದರೆ ಜಿಪಿಎಸ್‌ನಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪುತ್ತದೆ. ಅದೇ ಸೀಸಿಯಂ ಪರಮಾಣುವಿನ ಗಡಿಯಾರಗಳು 10¹⁶ರಲ್ಲಿ ಒಂದೆರಡು ಪಾಲಿನಷ್ಟು ನಿಖರ. 1967ರಿಂದ ಸೆಕೆಂಡ್ ಅಂದರೆ ಸೀಸಿಯಂನ 9192631770 ಕಂಪನ. ಸೀಸಿಯಂಗೆ ಸಿದ್ಧಾಂತದಲ್ಲಿ ಯಾವ ವಿಶೇಷ ಸ್ಥಾನವೂ ಇಲ್ಲ, ಆವರ್ತಕ ಕೋಷ್ಟಕದ ಒಂದು ಮೂಲೆಯ ಲೋಹ ಅದು. ಆದರೆ ಅದು ಟೋಕಿಯೋದಲ್ಲೂ ದೆಹಲಿಯಲ್ಲೂ ಒಂದೇ ತಾಳಕ್ಕೆ ಕುಣಿಯುತ್ತದೆ, ಆ ತಾಳವನ್ನು ಎಣಿಸಲು ನಮಗೆ ಬರುತ್ತದೆ. ಅಳತೆ ಪದ್ಧತಿ ಆರಿಸುವಾಗ ಗೆಲ್ಲುವುದು ಇದೇ.

ನನ್ನ ಪ್ರಕಾರ ಯೂನಿಟ್ಟಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದನ್ನು ‘ಇದು ಇಷ್ಟೇ’ ಅಂತ ಕಟ್ಟಿಹಾಕುತ್ತೀರಿ, ಅದರಿಂದ ಅನುಮಾನ ಯಾರ ತಲೆಗೆ ಹೋಗುತ್ತದೆ? ಅನುಮಾನ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ.

299792458 ಬಂದಿದ್ದೇ ಹಾಗೆ. ಮೀಟರಿನ ಕಥೆ ಶುರುವಾಗಿದ್ದು ಫ್ರಾನ್ಸಿನಲ್ಲಿ, 1791ರಲ್ಲಿ, ಉತ್ತರ ಧ್ರುವದಿಂದ ಸಮಭಾಜಕಕ್ಕಿರುವ ದೂರದ ಕೋಟಿಯಲ್ಲೊಂದು ಪಾಲು ಅಂತ. ಅಳೆದವರು ಕಷ್ಟಪಟ್ಟರು, 0.2 ಮಿಲಿಮೀಟರ್ ಕಡಿಮೆ ಬಂತು. ಆಮೇಲೆ ಲೋಹದ ಸರಳು, 1960ರಿಂದ ಕ್ರಿಪ್ಟಾನ್ ದೀಪದ ಬೆಳಕಿನ ಅಲೆಗಳು. 1972ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಇವೆನ್ಸನ್ ಗುಂಪು ಲೇಸರ್ ಬಳಸಿ ಬೆಳಕಿನ ವೇಗವನ್ನು ಅಳೆಯಿತು: ಸೆಕೆಂಡಿಗೆ 299792456.2 ಮೀಟರ್, ಒಂದು ಮೀಟರಿನಷ್ಟು ಹೆಚ್ಚುಕಮ್ಮಿ. ಆ ಹೆಚ್ಚುಕಮ್ಮಿ ಬಹುಪಾಲು ಬಂದದ್ದು ಲೇಸರಿನಿಂದಲ್ಲ, ಮೀಟರಿನಿಂದಲೇ. ಕ್ರಿಪ್ಟಾನ್ ಬೆಳಕಿನ ಗೆರೆ ಅಷ್ಟು ಚೂಪಾಗಿರಲಿಲ್ಲ. ಅಂದರೆ ಅಳತೆಗೋಲೇ ಅಳೆಯಬೇಕಾದ ವಸ್ತುವಿಗಿಂತ ಒರಟು. ಇನ್ನೇನು ಮಾಡೋದು? 1983ರಲ್ಲಿ ಆಟ ತಿರುಗಿಸಿದರು. ಬೆಳಕಿನ ವೇಗ ಇಷ್ಟೇ ಅಂತ ಕಟ್ಟಿಹಾಕಿ, ಮೀಟರನ್ನು ಅದರಿಂದ ಪಡೆದರು. ಅವತ್ತಿನಿಂದ ಎಸ್‌ಐನಲ್ಲಿ ಬೆಳಕಿನ ವೇಗವನ್ನು ಯಾರೂ ಅಳೆಯಲಾರರು, ಅಳೆದರೆ ಅದು ನಿಮ್ಮ ಸ್ಕೇಲನ್ನು ಪರೀಕ್ಷೆ ಮಾಡಿದ ಹಾಗೆ.

ಹಾಗಿದ್ದರೆ ನೇರವಾಗಿ 30 ಕೋಟಿ ಅಂತ ಇಟ್ಟುಬಿಡಬಹುದಿತ್ತಲ್ಲ? ಇಡಬಹುದಿತ್ತು. ಆಗ ಮೀಟರ್ 0.7 ಮಿಲಿಮೀಟರ್ ಕಿರಿದಾಗುತ್ತಿತ್ತು. ಸೀರೆ ಅಂಗಡಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಬಾಲ್ ಬೇರಿಂಗ್, ಬೋಲ್ಟು, ನಟ್ಟು, ನಕ್ಷೆ, ಸರ್ವೆ ಎಲ್ಲ ಹಾಳು. ಹೊಸ ವ್ಯಾಖ್ಯಾನ ಹಳೆಯ ಅಳತೆಯ ಅನುಮಾನದೊಳಗೇ ಕೂರಬೇಕು, ಬೆಳಿಗ್ಗೆ ಎದ್ದವರಿಗೆ ಏನೂ ಬದಲಾಗಿರಬಾರದು, ಇದು ಈ ಕೆಲಸದವರ ಮೊದಲ ನಿಯಮ. ಆ ವಿಚಿತ್ರ ಅಂಕಿಗಳು ಹಳೆಯ ಮೀಟರಿಗೆ ಕೊಟ್ಟ ಮರ್ಯಾದೆ.

ಕಿಲೋಗ್ರಾಂ ಇದಕ್ಕಿಂತ ಮೊಂಡು. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ 1889ರಿಂದ ಗಾಜಿನ ಮುಚ್ಚಳಗಳ ಕೆಳಗೆ ಕೂತಿದ್ದ ಪ್ಲಾಟಿನಂ-ಇರಿಡಿಯಂ ಸಿಲಿಂಡರೇ 2019ರವರೆಗೆ ಒಂದು ಕೆಜಿ. ಭಾರತದ ಕೆಜಿ ಅದರ 57ನೇ ನಂಬರಿನ ಪ್ರತಿ, ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿದೆ. ನೂರು ವರ್ಷದಲ್ಲಿ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂತು. ಯಾವುದು ಸವೆಯಿತು, ಯಾವುದಕ್ಕೆ ಕೊಳೆ ಹತ್ತಿತು ಅಂತ ಹೇಳುವ ಹಾಗಿರಲಿಲ್ಲ, ಮೂಲ ಯಾವಾಗಲೂ ಸರಿಯಾಗಿ ಒಂದೇ ಕೆಜಿ, ಆಗ ಕಾನೂನೇ ಹಾಗಿತ್ತು!

ಇದರ ಬಿಸಿ ಹೆಚ್ಚು ತಟ್ಟಿದ್ದು ವಿದ್ಯುತ್ ಅಳತೆಯವರಿಗೆ. ಆಂಪಿಯರಿನ ವ್ಯಾಖ್ಯಾನ ಕೆಜಿಯನ್ನು ನೆಚ್ಚಿಕೊಂಡಿತ್ತು, ಆಂಪಿಯರನ್ನು ವೋಲ್ಟ್ ನೆಚ್ಚಿಕೊಂಡಿತ್ತು. ಅವರ ಕೈಯಲ್ಲಾದರೋ ಜೋಸೆಫ್‌ಸನ್ ಪರಿಣಾಮ, ಕ್ವಾಂಟಮ್ ಹಾಲ್ ಪರಿಣಾಮ ಅಂತ ಎರಡು ಅದ್ಭುತ ಸಾಧನಗಳು ಬಂದಿದ್ದವು. ಮೊದಲನೆಯದರಲ್ಲಿ ಮೈಕ್ರೋವೇವ್ ಆವರ್ತನ ಕೊಟ್ಟರೆ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಪ್ರತಿ ಮೆಟ್ಟಿಲಿನ ಎತ್ತರ ನಿರ್ಧರಿಸುವುದು ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ವಿದ್ಯುದಂಶ ಮಾತ್ರ. ಯಾವ ಲ್ಯಾಬಿನಲ್ಲಿ ಮಾಡಿದರೂ ಅದೇ ಎತ್ತರ. ಎಸ್‌ಐ ವೋಲ್ಟಿಗಿಂತ ಇದೇ ಚೆನ್ನಾಗಿ ಹೊಂದುತ್ತಿತ್ತು. ಕಾದು ಕಾದು ಬೇಸರವಾಗಿ 1990ರ ಜನವರಿ 1ರಿಂದ ಅವರು ತಮ್ಮದೇ ಒಪ್ಪಂದ ಮಾಡಿಕೊಂಡರು: ವೋಲ್ಟಿಗೆ 483597.9 ಗಿಗಾಹರ್ಟ್ಸ್, ಕ್ವಾಂಟಮ್ ಹಾಲ್ ಪರಿಣಾಮದ ಪ್ರತಿರೋಧಕ್ಕೆ 25812.807 ಓಮ್. ಮುಂದಿನ 29 ವರ್ಷ ಪ್ರಪಂಚದ ನಿಖರ ವೋಲ್ಟ್‌ಮೀಟರುಗಳು ತೋರಿಸಿದ್ದು ನಿಜವಾದ ಎಸ್‌ಐ ವೋಲ್ಟ್ ಅಲ್ಲ, ಈ 1990ರ ವೋಲ್ಟ್. ಮನೆಯೊಳಗೇ ಬೇರೆ ಒಲೆ ಹೂಡಿದ್ದರು ಅನ್ನಿ.

ಕೆಜಿಯವರನ್ನೂ ವಿದ್ಯುತ್ತಿನವರನ್ನೂ ಕೂಡಿಸಿದ್ದು ಕಿಬ್ಬಲ್ ತಕ್ಕಡಿ, ಇಂಗ್ಲೆಂಡಿನ ಬ್ರಯನ್ ಕಿಬ್ಬಲ್ 1975ರಲ್ಲಿ ಯೋಚಿಸಿದ್ದು. ಉಪಾಯ ಚಂದ ಇದೆ. ಕಾಂತಕ್ಷೇತ್ರದಲ್ಲಿ ಒಂದು ತಂತಿಸುರುಳಿ, ಅದಕ್ಕೆ ಕರೆಂಟ್ ಕೊಟ್ಟು ತೂಕವನ್ನು ಎತ್ತಿ ಹಿಡಿಯುತ್ತಾರೆ. ಆಮೇಲೆ ತೂಕ ತೆಗೆದು, ಅದೇ ಸುರುಳಿಯನ್ನು ಅದೇ ಕಾಂತಕ್ಷೇತ್ರದಲ್ಲಿ ಗೊತ್ತಿರುವ ವೇಗದಲ್ಲಿ ಸರಿಸಿ, ಹುಟ್ಟುವ ವೋಲ್ಟೇಜ್ ಅಳೆಯುತ್ತಾರೆ. ಎರಡನ್ನೂ ಸೇರಿಸಿದರೆ, ಅಳೆಯಲು ತುಂಬಾ ಕಷ್ಟವಾದ ಕಾಂತಕ್ಷೇತ್ರದ ಬಲ ಮತ್ತು ತಂತಿಯ ಉದ್ದ ಎರಡೂ ಲೆಕ್ಕದಿಂದ ಹೊಡೆದುಹೋಗುತ್ತವೆ. ಉಳಿಯುವುದು: ವೋಲ್ಟೇಜ್ ಗುಣಿಸು ಕರೆಂಟ್ ಅಂದರೆ ದ್ರವ್ಯರಾಶಿ ಗುಣಿಸು ಆ ಜಾಗದ ಗುರುತ್ವ ವೇಗವರ್ಧನೆ ಗುಣಿಸು ವೇಗ. ವೋಲ್ಟೇಜನ್ನೂ ಕರೆಂಟನ್ನೂ ಆ ಎರಡು ಕ್ವಾಂಟಮ್ ಪರಿಣಾಮಗಳಿಂದ ಅಳೆದರೆ, ಕೆಜಿಗೂ ಪ್ಲಾಂಕ್ ಸ್ಥಿರಾಂಕಕ್ಕೂ ನೇರ ಸಂಬಂಧ ಸಿಕ್ಕಿತು. 2018ರ ನವೆಂಬರ್ 16ರಂದು ವರ್ಸೇಲ್ಸ್‌ನಲ್ಲಿ ದೇಶಗಳ ಪ್ರತಿನಿಧಿಗಳು ಹೊಸ ವ್ಯಾಖ್ಯಾನಕ್ಕೆ ಮತ ಹಾಕಿದರು, 2019ರ ಮೇ 20ರಿಂದ ಜಾರಿ. ಪ್ಲಾಂಕ್ ಸ್ಥಿರಾಂಕ ಸರಿಯಾಗಿ 6.62607015 × 10⁻³⁴, ಎಲೆಕ್ಟ್ರಾನ್ ವಿದ್ಯುದಂಶ ಸರಿಯಾಗಿ 1.602176634 × 10⁻¹⁹. ಅವತ್ತು ವೋಲ್ಟ್ ಕೋಟಿಗೆ ಒಂದು ಪಾಲಿನಷ್ಟು ಜಿಗಿಯಿತು, ಬೇರೆ ಒಲೆ ಆರಿತು.

ಗಮನಿಸಿದಿರಾ, ಇವತ್ತಿನ ಎಸ್‌ಐ ಅಂದರೆ ಸಿ ಮತ್ತು ಹೆಚ್‌ಬಾರನ್ನು ಕಟ್ಟಿಹಾಕಿದ ಪದ್ಧತಿಯೇ. ನಿಮ್ಮ ಮೇಡಂ ಅವನ್ನು 1ಕ್ಕೆ ಕಟ್ಟಿದರು, ವರ್ಸೇಲ್ಸ್‌ನವರು ಉದ್ದುದ್ದ ಅಂಕಿಗಳಿಗೆ ಕಟ್ಟಿದರು. ಜಿಯನ್ನು ಮಾತ್ರ ಅವರು ಮುಟ್ಟಲಿಲ್ಲ, ಅದರ ಜಾಗದಲ್ಲಿ ಸೀಸಿಯಂ ಕೂತಿದೆ. ಅನುಮಾನ ಎಲ್ಲಿಗೆ ಹೋಯಿತು ಅಂತ ನೋಡಿ: ಮೊದಲು ನೀರಿನ ತ್ರಿಬಿಂದು (ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗಿರುವ ಉಷ್ಣತೆ) ಸರಿಯಾಗಿ 273.16 ಕೆಲ್ವಿನ್, ಈಗ ಅದನ್ನು ಅಳೆಯಬೇಕು. ಕಾರ್ಬನ್-12ರ ಒಂದು ಮೋಲ್ ಸರಿಯಾಗಿ 12 ಗ್ರಾಂ ಇತ್ತು, ಈಗ ಅದನ್ನೂ ಅಳೆಯಬೇಕು. ನಿರ್ವಾತದ ಕಾಂತೀಯ ಸ್ಥಿರಾಂಕ 4π × 10⁻⁷ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದು, ಈಗ ಅದು ಬರೀ ಅಳತೆಯ ಸಂಖ್ಯೆ. ಹಳೆಯ ಪಠ್ಯಪುಸ್ತಕ ಇಟ್ಟುಕೊಂಡವರು ಅಲ್ಲೊಂದು ಗೆರೆ ಎಳೆದುಕೊಳ್ಳಿ.

ಲ್ಯಾಬಿನಲ್ಲಿ ಕೆಲಸಕ್ಕೆ ಬಾರದ ಜಿ, ಆಕಾಶದಲ್ಲಿ ಮಾತ್ರ ಬೇರೆ ಥರ. ಗ್ರಹಗಳ ಓಡಾಟದಿಂದ ನಮಗೆ ಸಿಗುವುದು ಜಿ ಗುಣಿಸು ಸೂರ್ಯನ ದ್ರವ್ಯರಾಶಿ, ಎರಡೂ ಕೂಡಿಯೇ ಸಿಗುವುದು. ಆ ಗುಣಲಬ್ಧ ಹತ್ತು ಅಂಕಿಯವರೆಗೆ ಗೊತ್ತು. ಬಿಡಿಸಿ ಕೆಜಿಗೆ ತಂದ ತಕ್ಷಣ ಐದನೇ ಅಂಕಿಯಲ್ಲೇ ಅನುಮಾನ. ಅದಕ್ಕೇ ಪಲ್ಸಾರ್ ಅನ್ನೋ ಮಿಡಿಯುವ ನಕ್ಷತ್ರಗಳನ್ನು ಅಳೆಯುವವರು ಜಿ = ಸಿ = 1 ಮಾಡಿಕೊಂಡು ಸೂರ್ಯನ ದ್ರವ್ಯರಾಶಿ 4.925 ಮೈಕ್ರೋಸೆಕೆಂಡ್ ಅಂತಾರೆ. ಭೂಮಿಯದು 4.4 ಮಿಲಿಮೀಟರ್. ಸೋಮಾರಿತನಕ್ಕಲ್ಲ, ಕೆಜಿಯಲ್ಲಿ ಹೇಳಿದರೆ ಇರುವ ನಿಖರತೆಯೂ ಹೋಗುತ್ತದೆ ಅಂತ.

ಪ್ಲಾಂಕ್ ದ್ರವ್ಯರಾಶಿ ಯಾಕೆ ದಪ್ಪ ಅಂತ ಬಿಟ್ಟಿದ್ದೆನಲ್ಲ, ಅದನ್ನು ತಿರುಗಿಸಿ ಕೇಳಿ: ಪ್ರೋಟಾನ್ ಯಾಕಿಷ್ಟು ಹಗುರ? ಪ್ಲಾಂಕ್ ಲೆಕ್ಕದಲ್ಲಿ ಪ್ರೋಟಾನ್ 7.7 × 10⁻²⁰. ಈ ಚಿಕ್ಕ ಸಂಖ್ಯೆಯೇ ‘ಗುರುತ್ವ ದುರ್ಬಲ’ ಅನ್ನೋ ಮಾತಿನ ಅಂಕಿ ರೂಪ. ಈಗ ಅದರ ವರ್ಗ ಮಾಡಿ, 1ನ್ನು ಅದರಿಂದ ಭಾಗಿಸಿ: 1.7 × 10³⁸ ಪ್ಲಾಂಕ್ ದ್ರವ್ಯರಾಶಿ, ಅಂದರೆ 3.7 × 10³⁰ ಕೆಜಿ, ಸೂರ್ಯನ 1.85 ಪಟ್ಟು. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಾ 19 ವರ್ಷದ ಚಂದ್ರಶೇಖರ್ ಲೆಕ್ಕ ಹಾಕತೊಡಗಿದ್ದು ಈ ದ್ರವ್ಯರಾಶಿಯನ್ನೇ, ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರ ತಡೆದುಕೊಳ್ಳಬಲ್ಲ ಮಿತಿ. ಒಳಗಿನ ರಚನೆಯ ವಿವರ ಸೇರಿಸಿದರೆ 0.77ರಿಂದ ಗುಣಿಸಬೇಕು, 1.4 ಸೂರ್ಯ ಬರುತ್ತದೆ. ನಕ್ಷತ್ರ ಎಷ್ಟು ದೊಡ್ಡದು ಅನ್ನೋದನ್ನು ಪ್ರೋಟಾನ್ ಎಷ್ಟು ಚಿಕ್ಕದು ಅನ್ನೋದರಿಂದ ಒಂದೇ ಸಾಲಿನಲ್ಲಿ ತೆಗೆದೆವು. ಕೆಜಿ, ಮೀಟರಿನಲ್ಲಿ ಬರೆದಿದ್ದರೆ ಈ ಸಾಲು ಕಣ್ಣಿಗೆ ಬೀಳುತ್ತಿತ್ತಾ? ನನಗೆ ಅನುಮಾನ.

ಅಂದಹಾಗೆ ಈ ಉಪಾಯ ವಿಜ್ಞಾನಿಗಳ ಸ್ವತ್ತೇನೂ ಅಲ್ಲ. ನಮ್ಮ ಪಹಣಿಯಲ್ಲಿರುವ ಎಕರೆ-ಗುಂಟೆ ನೋಡಿ. ಬ್ರಿಟಿಷ್ ಸರ್ವೆಯವರ ಗುಂಟರ್ ಸರಪಳಿ 66 ಅಡಿ, ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ. ಸರಪಳಿಯಲ್ಲಿ ನೂರು ಕೊಂಡಿ. ಹತ್ತು ಚದರ ಸರಪಳಿ ಒಂದು ಎಕರೆ. ಹೊಲ ಅಳೆದವನು ಗುಣಿಸಿ ದಶಾಂಶ ಬಿಂದು ಸರಿಸಿದರೆ ಎಕರೆ ಬಂತು, 43560 ಚದರ ಅಡಿ ಅನ್ನೋ ಸಂಖ್ಯೆಯ ಗೋಜೇ ಇಲ್ಲ. ಅರ್ಧ ಸರಪಳಿಯ ಚೌಕ, 33ಕ್ಕೆ 33 ಅಡಿ, ಒಂದು ಗುಂಟೆ, ಎಕರೆಗೆ ನಲವತ್ತು. 1956ರಲ್ಲಿ ಮೆಟ್ರಿಕ್ ಕಾನೂನು ಬಂದು ಸೇರು, ತೊಲ, ಮಣ ಎಲ್ಲ ಅಂಗಡಿಯಿಂದ ಹೋದವು. ಗುಂಟೆ ಮಾತ್ರ ಅಲ್ಲಾಡಲಿಲ್ಲ. ಜಮೀನಿನ ಲೆಕ್ಕದಲ್ಲಿ ಅದಕ್ಕೆ ಚಿಕ್ಕ ಚಿಕ್ಕ ಸಂಖ್ಯೆಗಳು ಬರುತ್ತವೆ, ಮೇಲಾಗಿ ದಾಖಲೆಗಳೆಲ್ಲ ಅದರಲ್ಲೇ ಇವೆ.

ಹಾಗಾದರೆ ಕೊನೆಗೆ ಎಷ್ಟು ಮೂಲ ಯೂನಿಟ್ಟು ಬೇಕು? ಇದಕ್ಕೆ ದೊಡ್ಡವರಲ್ಲೇ ಒಮ್ಮತ ಇಲ್ಲ. 1992ರಲ್ಲಿ ಸರ್ನ್‌ನ (ಜಿನೀವಾದ ಕಣ ಭೌತಶಾಸ್ತ್ರ ಲ್ಯಾಬು) ಕ್ಯಾಂಟೀನಿನಲ್ಲಿ ಭೌತವಿಜ್ಞಾನಿಗಳಾದ ಡಫ್, ಒಕುನ್, ವೆನೆಜಿಯಾನೋ ಮೂವರೂ ಶುರು ಮಾಡಿದ ವಾದ 2002ರಲ್ಲಿ ಅಚ್ಚಾಯಿತು. ಒಕುನ್ ಮೂರು ಅಂದರು, ವೆನೆಜಿಯಾನೋ ಎರಡು, ಡಫ್ ಸೊನ್ನೆ. ಸಿದ್ಧಾಂತದ ಮಟ್ಟಿಗೆ ಡಫ್ ಹೇಳಿದ್ದು ಸರಿ ಅನ್ನಿಸುತ್ತದೆ ನನಗೆ. ಪಾಠ ಮಾಡುವಾಗ ಒಕುನ್ ಕಡೆ.

ಯಾಕಂದರೆ ಸಿ = 1 ಮಾಡಿದಾಗ ಒಂದು ಕಾವಲು ಹೋಗುತ್ತದೆ. ಚಲನ ಶಕ್ತಿಯನ್ನು ಅವಸರದಲ್ಲಿ ½ ಎಂ ವಿ ಅಂತ ಬರೆದಿರಿ ಅಂದುಕೊಳ್ಳಿ, ವಿ ಮೇಲಿನ 2 ಬಿಟ್ಟುಹೋಯಿತು. ಎಸ್‌ಐನಲ್ಲಿ ಯೂನಿಟ್ ಹೊಂದದೆ ತಕ್ಷಣ ಸಿಕ್ಕಿಬೀಳುತ್ತೀರಿ. ಸಿ = 1 ಲೆಕ್ಕದಲ್ಲಿ ವೇಗಕ್ಕೆ ಯೂನಿಟ್ಟೇ ಇಲ್ಲ, ತಪ್ಪು ಆರಾಮವಾಗಿ ಕೊನೆಯ ಸಾಲಿನವರೆಗೂ ಬರುತ್ತದೆ.

ಪರೀಕ್ಷೆಗೆ ಹೀಗೆ ಮಾಡಿ. ಕೊನೆಯವರೆಗೂ ಎಲ್ಲವನ್ನೂ ಎಂಇವಿಯಲ್ಲೇ ಇಟ್ಟುಕೊಳ್ಳಿ. ಕೇಳಿದ್ದು ಉದ್ದವಾದರೆ 197.3ರಿಂದ ಗುಣಿಸಿ, ಫರ್ಮಿಯಲ್ಲಿ ಬರುತ್ತದೆ. ಕಾಲವಾದರೆ 6.58 × 10⁻²²ರಿಂದ ಗುಣಿಸಿ, ಸೆಕೆಂಡಿನಲ್ಲಿ ಬರುತ್ತದೆ. ಉದಾಹರಣೆಗೆ ರೋ ಮೇಸಾನ್‌ನ ‘ಅಗಲ’ (ಆ ಕಣದ ದ್ರವ್ಯರಾಶಿ ಎಷ್ಟು ಹರಡಿದೆ ಅನ್ನೋದು) ಸುಮಾರು 149 ಎಂಇವಿ ಅಂತ ಕೊಟ್ಟು ಆಯಸ್ಸು ಕೇಳುತ್ತಾರೆ. ಆಯಸ್ಸು 1/149, ಗುಣಿಸಿದರೆ 4.4 × 10⁻²⁴ ಸೆಕೆಂಡ್. ಅಡ್ಡಛೇದ (ಕಣಗಳು ಡಿಕ್ಕಿಯಾಗುವ ಸಾಧ್ಯತೆ ಹೇಳುವ ವಿಸ್ತೀರ್ಣ) ಕೇಳಿದರೆ ಅದು ಉದ್ದದ ವರ್ಗ, ಹಾಗಾಗಿ 197.3ರ ವರ್ಗದಿಂದ ಗುಣಿಸಬೇಕು, ಹುಡುಗರು ಜಾಸ್ತಿ ಎಡವುವುದು ಇಲ್ಲೇ. ವಿದ್ಯುದಂಶ ಬರುವ ಲೆಕ್ಕವಾದರೆ ಇನ್ನೊಂದು ಎಚ್ಚರ: ಕೆಲವು ಪುಸ್ತಕಗಳಲ್ಲಿ ವಿದ್ಯುದಂಶ 0.085, ಕೆಲವು ಪುಸ್ತಕಗಳಲ್ಲಿ 0.303, ಎರಡನೆಯದು ಮೊದಲನೆಯದರ 4πನ ವರ್ಗಮೂಲದಷ್ಟು ಪಟ್ಟು. ಎರಡೂ ಸರಿಯೇ, ಆದರೆ ಬೆರೆಸಬಾರದು. ಉತ್ತರ ಶುರು ಮಾಡುವ ಮೊದಲೇ ಯಾವ ಯಾವುದನ್ನು 1 ಮಾಡಿದ್ದೀರಿ, 4π ಎಲ್ಲಿ ಇಟ್ಟಿದ್ದೀರಿ ಅಂತ ಒಂದು ಸಾಲು ಬರೆದುಬಿಡಿ. ಪೇಪರ್ ತಿದ್ದುವವರು ಬೇರೆ ಪುಸ್ತಕ ಓದಿದವರಾಗಿದ್ದರೂ ಮಾರ್ಕ್ಸ್ ಹೋಗಲ್ಲ.